ಒಳಗಿನಿಂದ ಬಿದ್ದ ಅಗಳಿ: ಉಬುಂಟು 17.10 ಮತ್ತು ಕೆಟ್ಟ ಬಯೋಸ್

ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಪುಟ್ಟ ಚಿಪ್ಪಿನಲ್ಲಿ ಕೂತಿರುವ ಬಯೋಸ್. ಡಿಸ್ಕಿನಿಂದ ಶುರುವಾಗಬೇಕೋ ಪೆನ್‌ಡ್ರೈವಿನಿಂದಲೋ ಎಂದು ತೀರ್ಮಾನಿಸುವುದು ಅದೇ. ಡಿಸ್ಕ್ ಪೂರ್ತಿ ಅಳಿಸಿದರೂ ಬಯೋಸ್ ಉಳಿಯುತ್ತದೆ. ಅದೇ ಕೆಟ್ಟರೆ ವಿಂಡೋಸ್ ಮತ್ತೆ ಹಾಕಿಸಿಯೂ ಪ್ರಯೋಜನವಿಲ್ಲ.

ಬಯೋಸ್ ಕೆಡಿಸಿದ ಹಳೆಯ ಕುಖ್ಯಾತ ವೈರಸ್ ಸಿಐಎಚ್. ತೈವಾನಿನ ಚೆನ್ ಇಂಗ್-ಹೌ 1998ರಲ್ಲಿ ಬರೆದ ಇದು 1999ರ ಏಪ್ರಿಲ್ 26ರಂದು ಹಲವು ದೇಶಗಳ ಕಂಪ್ಯೂಟರುಗಳನ್ನು ಮಲಗಿಸಿತು. ಅದು ಬೇಕೆಂದೇ ಮಾಡಿದ ಕೇಡು. 2017ರಲ್ಲಿ ಅದೇ ಚಿಪ್ಪಿಗೆ ಪೆಟ್ಟು ಬಿದ್ದದ್ದು ಜನ ನಂಬಿ ಹಾಕಿಕೊಂಡ ಉಬುಂಟುವಿನಿಂದ.

ಕ್ಯಾನೋನಿಕಲ್ ಸಂಸ್ಥೆ ಉಬುಂಟು 17.10 ಅನ್ನು 2017ರ ಅಕ್ಟೋಬರ್ 19ರಂದು ಬಿಡುಗಡೆ ಮಾಡಿತು. ಕೆಲವೇ ವಾರಗಳಲ್ಲಿ ದೂರುಗಳು ಬಂದವು. ಹೆಚ್ಚಿನವು ಲೆನೊವೊ ಲ್ಯಾಪ್‌ಟಾಪುಗಳದ್ದು, ಕೆಲವು ಏಸರ್, ತೋಷಿಬಾದವು. ಬಯೋಸಿನಲ್ಲಿ ಏನು ಬದಲಿಸಿದರೂ ಉಳಿಯುತ್ತಿರಲಿಲ್ಲ. ಹಲವರಿಗೆ ಪೆನ್‌ಡ್ರೈವಿನಿಂದ ಬೂಟ್ ಮಾಡಲೂ ಆಗಲಿಲ್ಲ. ಸಿಡಿ ಡ್ರೈವ್ ಇಲ್ಲದ ತೆಳು ಲ್ಯಾಪ್‌ಟಾಪಿಗೆ ಬೇರೆ ಬಾಗಿಲೇ ಇರಲಿಲ್ಲ.

ತಪ್ಪು ಇದ್ದದ್ದು ಇಂಟೆಲ್-ಎಸ್‌ಪಿಐ ಎಂಬ ಡ್ರೈವರಿನಲ್ಲಿ. ಬಯೋಸ್ ಚಿಪ್ಪನ್ನು ಓದಲು, ಬರೆಯಲು ಇರುವ ತಂತ್ರಾಂಶ ಅದು. ದಿನಬಳಕೆಗೆ ಬೇಕಿಲ್ಲದಿದ್ದರೂ 17.10ರ ಕರ್ನಲ್ಲಿನಲ್ಲಿ ಸೇರಿತ್ತು. ಅದು ಕಳಿಸಿದ ತಪ್ಪು ಆಜ್ಞೆಯಿಂದ ಚಿಪ್ಪು ತನ್ನ ಮೇಲೆ ಯಾರೂ ಬರೆಯದಂತೆ ಬೀಗ ಹಾಕಿಕೊಂಡಿತು. ಮನೆಯೊಳಗೆ ಯಾರೂ ಇಲ್ಲದಾಗ ಅಗಳಿ ತಾನಾಗಿ ಬಿದ್ದಂತೆ.

ಡಿಸೆಂಬರಿನಲ್ಲಿ ಕ್ಯಾನೋನಿಕಲ್ 17.10ರ ಡೌನ್‌ಲೋಡ್ ನಿಲ್ಲಿಸಿತು. ಆ ಡ್ರೈವರ್ ತೆಗೆದ ಕರ್ನಲ್ ಕೊಟ್ಟಿತು. ಇದರಿಂದ ಹೊಸ ಯಂತ್ರಗಳು ಬಚಾವಾದವು, ಆದರೆ ಬೀಗ ಬಿದ್ದವು ಹಾಗೇ ಉಳಿದವು. ಕೆಲವರು ಮದರ್‌ಬೋರ್ಡನ್ನೇ ಬದಲಿಸುವ ಮಾತಿಗೆ ಬಂದಿದ್ದರು. ಕೈಚಳಕವಿದ್ದವರಿಗೆ ಇನ್ನೊಂದು ದಾರಿಯಿತ್ತು: ಚಿಪ್ಪಿನ ಎಂಟು ಕಾಲಿಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಎಂಬ ಸಾಧನದಿಂದ ಹೊರಗಿನಿಂದಲೇ ಬರೆಯುವುದು.

ಕೊನೆಗೆ ಸಿಕ್ಕ ಪರಿಹಾರ ಸರಳ. ಡ್ರೈವರಿನ ತಪ್ಪು ತಿದ್ದಿದ 4.14.9 ಕರ್ನಲ್ಲನ್ನು ಅದೇ ಲ್ಯಾಪ್‌ಟಾಪಿಗೆ ಹಾಕಿ, ಒಮ್ಮೆ ಅದರಿಂದ ಶುರು ಮಾಡಿ, ರೀಬೂಟ್ ಮಾಡಬೇಕು. ಅಗಳಿ ಬೀಳಿಸಿದ ಡ್ರೈವರೇ, ತಿದ್ದಿದ ಮೇಲೆ, ಅದನ್ನು ಎತ್ತಿತು. ಒಳಗೆ ಇನ್ನೂ ಉಬುಂಟು ಉಳಿಸಿಕೊಂಡಿದ್ದವರಿಗೆ ಇದು ಸುಲಭ. ಸಿಟ್ಟಿನಿಂದ ಅಳಿಸಿಬಿಟ್ಟಿದ್ದವರಿಗೆ ಕಷ್ಟ. 2018ರ ಜನವರಿ 12ರಂದು ತಿದ್ದಿದ 17.10.1 ಬಂತು.

ಈ ಇತಿಹಾಸದಿಂದ ನಾವು ಇಟ್ಟುಕೊಳ್ಳಬೇಕಾದದ್ದು ಎರಡು ಮಾತು. ಬಯೋಸ್ ಕೈಕೊಟ್ಟಾಗ, ಇನ್ನೂ ಓಡುತ್ತಿರುವ ವ್ಯವಸ್ಥೆಯನ್ನು ಅವಸರದಲ್ಲಿ ಅಳಿಸಬೇಡಿ. ರಿಪೇರಿಯ ದಾರಿ ಅಲ್ಲೇ ಇರಬಹುದು. ಚಿಪ್ಪಿಗೆ ಮತ್ತೆ ಬರೆಸುವುದೇ ಆದರೆ, ಮೊದಲು ಅದರಲ್ಲಿರುವುದರ ಪ್ರತಿ ತೆಗೆದಿಡಲು ಅಂಗಡಿಯವರಿಗೆ ಹೇಳಿ. ನಿಮ್ಮ ಯಂತ್ರದ ಸೀರಿಯಲ್ ನಂಬರಿನಂಥ ಗುರುತುಗಳು ಅದರಲ್ಲೇ ಇರುತ್ತವೆ. ಬೇರೆ ಲ್ಯಾಪ್‌ಟಾಪಿನ ಪ್ರತಿಯಲ್ಲಿ ಅವು ಸಿಗುವುದಿಲ್ಲ.