ಅರ್ಬಾನಾದ ಹಳೆಯ ವಿದ್ಯಾರ್ಥಿಗಳು

ಯುಗಾದಿ ದೀಪಾವಳಿಗಳಂದು ಒಂದೆಡೆ ಸೇರಿ ಹಬ್ಬದೂಟ ಮಾಡುವ ಭಾಗ್ಯವನ್ನು ಈ ಅರ್ಬಾನಾ-ಶಾಂಪೇನ್ ಅವಳಿ ನಗರಗಳಲ್ಲಿ ಕನ್ನಡಿಗರಾದ ನಾವು ಪಡೆದಿರುವೆವಾದರೂ, ನಮಗಿಂತ ಒಂದು ಶತಮಾನಕ್ಕೂ ಹಿಂದೆ ಇದೇ ಬೀದಿಗಳಲ್ಲಿ ಪುಸ್ತಕ ಹಿಡಿದು ನಡೆದ ತರುಣರ ಬಾಳು ಎಂತಹದಿತ್ತೆಂದು ವಿಚಾರಿಸುವ ಕುತೂಹಲ ನಮ್ಮಲ್ಲಿ ಅಷ್ಟಾಗಿ ಮೂಡಿದಂತಿಲ್ಲ.

ಅರ್ಬಾನಾ ಮೊದಲಿನ ಊರು. 1854ರಲ್ಲಿ ಇಲಿನಾಯ್ ಸೆಂಟ್ರಲ್ ರೈಲುಮಾರ್ಗವು ಊರಿನೊಳಗೆ ಬಾರದೆ ಎರಡು ಮೈಲಿ ಪಶ್ಚಿಮಕ್ಕೆ ಹಾದುಹೋದುದರಿಂದ, ಆ ನಿಲ್ದಾಣದ ಸುತ್ತ ಬೆಳೆದುದೇ ಶಾಂಪೇನ್. ಇವೆರಡರ ನಡುವಣ ಬಯಲಿನಲ್ಲಿ, ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಶ್ರಮಜೀವಿಗಳ ಮಕ್ಕಳಿಗೂ ಎಟುಕಿಸಬೇಕೆಂಬ 1862ರ ಶಾಸನದ ಫಲವಾಗಿ, 1868ರಲ್ಲಿ ಇಂದಿನ ಇಲಿನಾಯ್ ವಿಶ್ವವಿದ್ಯಾಲಯವು ತೆರೆಯಿತು. ಧಾರವಾಡ ಸೀಮೆಯ ಎರೆಹೊಲಗಳನ್ನು ಕಂಡವರಿಗೆ ಇಲ್ಲಿನ ಕರಿನೆಲದ ಸತ್ತ್ವವನ್ನು ಬಣ್ಣಿಸಬೇಕಾಗಿಲ್ಲ. ಆ ಸತ್ತ್ವವು ಅಕ್ಷಯವೆಂದು ಬಗೆಯದೆ, ಒಂದೇ ಬೆಳೆಯನ್ನು ವರ್ಷವರ್ಷವೂ ಬೆಳೆದರೆ ಭೂಮಿಗೆ ಏನಾಗುವುದೆಂದು ಅರಿಯಲು 1876ರಲ್ಲಿ ಆರಂಭಿಸಿದ ಮಾರೋ ಪ್ರಯೋಗಕ್ಷೇತ್ರದಲ್ಲಿ ಇಂದಿಗೂ ಕ್ಯಾಂಪಸ್ಸಿನ ನಡುವೆ ಮೆಕ್ಕೆಜೋಳವು ಬೆಳೆಯುತ್ತಿದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿಗೆ ಬಂದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ವಸತಿನಿಲಯವೆಂಬುದು ಇರಲಿಲ್ಲ. ಊರಿನ ಗೃಹಿಣಿಯರು ಬಾಡಿಗೆಗೆ ಕೊಡುತ್ತಿದ್ದ ಕೋಣೆಗಳಲ್ಲಿಯೋ, ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಸೋದರಸಂಘಗಳ ಮನೆಗಳಲ್ಲಿಯೋ ಅವನು ಆಶ್ರಯ ಪಡೆಯಬೇಕಾಗಿತ್ತು. ಕೈಯಲ್ಲಿ ಹಣವಿಲ್ಲದವನು ಊಟದ ಮನೆಗಳಲ್ಲಿ ಬಡಿಸಿ, ಪಾತ್ರೆ ತೊಳೆದು, ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಳ್ಳುತ್ತಿದ್ದನು. ಕೈಕೆಲಸವು ಓದುವವನ ಮರ್ಯಾದೆಗೆ ಕುಂದೆಂದು ಇಲ್ಲಿ ಯಾರೂ ಭಾವಿಸಲಿಲ್ಲವೆಂಬುದು, ನನ್ನ ಮತದಲ್ಲಿ, ಆ ಕಾಲದ ವಿದ್ಯಾರ್ಥಿಜೀವನದ ಅತ್ಯಂತ ಶ್ಲಾಘ್ಯವಾದ ಗುಣ. ಮೊದಲೆರಡು ವರ್ಷ ಪುರುಷ ವಿದ್ಯಾರ್ಥಿಗಳಿಗೆ ಸೈನಿಕ ಕವಾಯತು ಕಡ್ಡಾಯವಾಗಿತ್ತು. ಹೊಸಬರನ್ನು ಹಿರಿಯರು ಬೋನ್‌ಯಾರ್ಡ್ ತೊರೆಗೆ ಎಸೆಯುವ ಒರಟು ವಿನೋದಗಳೂ ಇದ್ದುವು. ಅವನ್ನು ಹೊಗಳಲು ಕಾರಣ ಕಾಣೆನು.

ಇಂತಹ ಊರಿಗೆ 1906ರಲ್ಲಿ ವಂಗದೇಶದಿಂದ ಇಬ್ಬರು ತರುಣರು ಬಂದರು: ರವೀಂದ್ರನಾಥ ಠಾಕೂರರ ಪುತ್ರ ರಥೀಂದ್ರನಾಥ ಮತ್ತು ಅವನ ಮಿತ್ರ ಸಂತೋಷಚಂದ್ರ ಮಜುಂದಾರ್. ಸಿರಿವಂತರು ಮಕ್ಕಳನ್ನು ಬ್ಯಾರಿಸ್ಟರರನ್ನಾಗಿಸಲು ವಿಲಾಯತಿಗೆ ಕಳುಹುತ್ತಿದ್ದ ಆ ದಿನಗಳಲ್ಲಿ, ಹಳ್ಳಿಯ ಒಕ್ಕಲಿಗನ ಬಾಳು ಹಸನಾಗದೆ ದೇಶಕ್ಕೆ ಶ್ರೇಯಸ್ಸಿಲ್ಲವೆಂದು ನಂಬಿದ ಕವಿಯು ಮಗನನ್ನು ಬೇಸಾಯ ಕಲಿಯಲೆಂದು ಇಲಿನಾಯಿಗೆ ಕಳುಹಿದರು. ನಾನಾ ದೇಶಗಳ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಅರಿಯುವಂತೆ ಇಲ್ಲಿ ಕಟ್ಟಿದ ಕಾಸ್ಮೊಪಾಲಿಟನ್ ಕ್ಲಬ್ಬಿನ ಸ್ಥಾಪಕರಲ್ಲಿ ರಥೀಂದ್ರನೂ ಒಬ್ಬನು. ಫ್ರೆಂಚ್ ಮೊದಲಾದ ಭಾಷೆಗಳನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಸೀಮೋರ್ ದಂಪತಿಗಳ ಮನೆಯು ಅವನಿಗೆ ತನ್ನ ಮನೆಯಂತೆಯೇ ಆಯಿತು. 1909ರಲ್ಲಿ ಪದವಿ ಪಡೆದು ಹಿಂದಿರುಗಿದವನು ವಂಗದೇಶದ ಶಿಲಾಯಿದಹದಲ್ಲಿ ಮಣ್ಣಿನ ಪರೀಕ್ಷೆ, ಮೆಕ್ಕೆಜೋಳದ ಕೃಷಿಗಳನ್ನು ಕೈಗೊಂಡನು. 1912ರಲ್ಲಿ ಮತ್ತೆ ವ್ಯಾಸಂಗಕ್ಕೆಂದು ಬಂದಾಗ ತಂದೆಯೂ ಜೊತೆಗಿದ್ದರು. ಆ ಚಳಿಗಾಲ ಹೈ ಸ್ಟ್ರೀಟಿನ ಮನೆಯೊಂದರಲ್ಲಿದ್ದ ಕವಿಯು ಯೂನಿಟೇರಿಯನ್ ಪ್ರಾರ್ಥನಾಮಂದಿರದಲ್ಲಿ, ತಮ್ಮ ಕೀರ್ತಿಯನ್ನು ಇನ್ನೂ ಕೇಳದಿದ್ದ ಕೆಲವೇ ಮಂದಿಯ ಮುಂದೆ ಉಪನಿಷತ್ತುಗಳ ದರ್ಶನವನ್ನು ಕುರಿತು ನುಡಿದ ಉಪನ್ಯಾಸಗಳೇ ಮುಂದೆ ಹಾರ್ವರ್ಡಿನಲ್ಲಿ ಮೊಳಗಿ, 1913ರಲ್ಲಿ ‘ಸಾಧನಾ’ ಎಂಬ ಗ್ರಂಥವಾದುವು. ಅದೇ ವರ್ಷದ ನವೆಂಬರಿನಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಈ ಆತಿಥ್ಯವನ್ನು ನೆನೆಯುವಾಗ, ಅದು ಯಾರಿಗೆ ದೊರೆಯಲಿಲ್ಲವೆಂಬುದನ್ನೂ ನೆನೆಯದಿದ್ದರೆ ಚರಿತ್ರೆಗೆ ಅಪಚಾರವಾದೀತು. ದೂರದ ಖಂಡದಿಂದ ಬಂದವನಿಗೆ ಉಪಾಧ್ಯಾಯರ ಮನೆಯಲ್ಲಿ ಪೀಠವಿದ್ದಿತು. ಆದರೆ ಇದೇ ರಾಜ್ಯದಲ್ಲಿ ಹುಟ್ಟಿ, ತಂದೆತಾಯಿಗಳ ತೆರಿಗೆಯಿಂದಲೂ ನಡೆಯುತ್ತಿದ್ದ ಈ ವಿದ್ಯಾಲಯಕ್ಕೆ ಸೇರಿದ ಕರಿಯ ವಿದ್ಯಾರ್ಥಿಯು, ಕ್ಯಾಂಪಸ್ಸಿನ ಬಳಿಯ ಊಟದ ಮನೆಗಳಲ್ಲಿ ತುತ್ತು ಅನ್ನ ದೊರೆಯದೆ, ಶಾಂಪೇನಿನ ಉತ್ತರ ಭಾಗದ ತನ್ನವರ ಮನೆಗಳಲ್ಲಿ ಬಿಡಾರ ಮಾಡಬೇಕಾಗಿತ್ತು. ಆ ಜನಾಂಗದ ಮೊದಲ ಪದವೀಧರ ವಿಲಿಯಂ ವಾಲ್ಟರ್ ಸ್ಮಿತ್ ತೇರ್ಗಡೆಯಾದುದು 1900ರಲ್ಲಿ. 1913ರಲ್ಲಿ ಯುವಕರು, 1914ರಲ್ಲಿ ಯುವತಿಯರು ತಮ್ಮದೇ ಸಂಘಗಳ ಶಾಖೆಗಳನ್ನು ಇಲ್ಲಿ ಕಟ್ಟಿಕೊಂಡು ಪರಸ್ಪರ ಆಸರೆಯಾದರು. ವಿಶ್ವವಿದ್ಯಾಲಯದ ನಿಲಯಗಳು ಅವರನ್ನು ಸೇರಿಸಿಕೊಂಡುದು 1945ರಲ್ಲಿ. ಅವರೂ ನಮ್ಮ ಪೂರ್ವಿಕ ಸಹಪಾಠಿಗಳೇ ಎಂದು ನಾನು ಎಣಿಸುತ್ತೇನೆ.

ಈ ನಗರಕ್ಕೆ ಬಂದ ಕನ್ನಡಿಗ ವಿದ್ಯಾರ್ಥಿಗಳ ಕತೆಯನ್ನೂ ಹೀಗೆಯೇ ಬರೆದಿಡಬೇಕಾದ ಕಾಲ ಬಂದಿದೆ. ಊರಿಗೆ ಬರೆದ ಪತ್ರಗಳು, ಹಳೆಯ ಭಾವಚಿತ್ರಗಳು, ದಿನಚರಿಗಳು ಯಾರ ಮನೆಯಲ್ಲಿರುವುವೋ ಅವರು ದಯಮಾಡಿ ಅವುಗಳನ್ನು ಬಿಸಾಡದೆ, ಪ್ರತಿಯನ್ನಾದರೂ ನಮ್ಮ ಸಂಘಕ್ಕೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.