ಕ್ಯಾಂಪು ಊರಾದಾಗ, ಕ್ಯಾಂಪು ಸೆರೆಯಾದಾಗ

ಸಿಂಧನೂರು ಸೀಮೆಯಲ್ಲಿ ಕ್ಯಾಂಪು ಅಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಹೊಲದ ಬದಿಯಲ್ಲೇ ಬಿಡಾರ ಹೂಡಿದರು. ಬಿಡಾರಗಳು ಊರಾದವು, ಹೆಸರು ಕ್ಯಾಂಪೆಂದೇ ಉಳಿಯಿತು. ಆರ್.ಎಚ್. ಕ್ಯಾಂಪಿನ ಕಥೆ ಬೇರೆ. ಪೂರ್ವ ಪಾಕಿಸ್ತಾನ ತೊರೆದುಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ಕಲ್ಪಿಸಿದ ನೆಲೆ ಅದು. ರಿಹ್ಯಾಬಿಲಿಟೇಷನ್, ಅಂದರೆ ಪುನರ್ವಸತಿ, ಎಂಬುದೇ ಜನರ ಬಾಯಲ್ಲಿ ಆರ್.ಎಚ್. ಆಗಿದೆ. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ, ಗದ್ದೆಯಲ್ಲಿ ಭತ್ತ, ನವರಾತ್ರಿಗೆ ದುರ್ಗಾಪೂಜೆ.

ಇದೇ ಪದ ಬೇರೆಡೆ ನಡುಕ ಹುಟ್ಟಿಸುತ್ತದೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಬಯಲು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ಹೆಂಗಸರು, ಮಕ್ಕಳನ್ನೂ ಕ್ಯಾಂಪುಗಳಿಗೆ ತುಂಬಿದರು. 1933ರಲ್ಲಿ ನಾಜಿಗಳು ಡಾಹೌ ಕ್ಯಾಂಪ್ ತೆರೆದರು. 1942ರಿಂದ ಅಮೆರಿಕ ಸುಮಾರು 1,20,000 ಜಪಾನಿ ಮೂಲದವರನ್ನು ಕೂಡಿಹಾಕಿತು. 1962ರ ಯುದ್ಧದ ಹೊತ್ತಿಗೆ ನಮ್ಮ ದೇಶವೇ ಚೀನಾ ಮೂಲದ ಸಾವಿರಾರು ಜನರನ್ನು ರಾಜಸ್ಥಾನದ ದೇವಲಿ ಕ್ಯಾಂಪಿನಲ್ಲಿಟ್ಟಿತು. ಅವರಲ್ಲಿ ಬಹುತೇಕರ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲ.

ಕನ್ನಡದಲ್ಲಿ ರಕ್ತದಾನಕ್ಕೂ ಶಿಬಿರ, ನಿರಾಶ್ರಿತರಿಗೂ ಶಿಬಿರ, ನಾಜಿಗಳದ್ದು ಯಾತನಾ ಶಿಬಿರ. ಹಾಗಾಗಿ ಪದ ನೋಡಿ ಜಾಗ ಎಂಥದೆಂದು ಹೇಳಲಾಗದು, ಅಗುಳಿ ನೋಡಬೇಕು. ಅಗುಳಿ ಒಳಗಿದ್ದರೆ ಮನೆ, ಹೊರಗಿದ್ದರೆ ಸೆರೆ.

ನೆಲಮಂಗಲದ ಬಳಿಯ ಸೊಂಡೇಕೊಪ್ಪದಲ್ಲಿ ಹಾಸ್ಟೆಲ್ ಕಟ್ಟಡವೊಂದನ್ನು ಅಕ್ರಮ ವಲಸಿಗರೆನಿಸಿದವರನ್ನು ಇರಿಸಲೆಂದು ಸಜ್ಜುಗೊಳಿಸಿದಾಗ ಪತ್ರಿಕೆಗಳು ಅದನ್ನು ಬಂಧನ ಕೇಂದ್ರ ಎಂದವು. ಕಟುವಾದರೂ ಸರಿಯಾದ ಮಾತು. ಕೈದಿಗೆ ಶಿಕ್ಷೆಯ ಅವಧಿ ಗೊತ್ತಿರುತ್ತದೆ. ಇಂಥ ಕಡೆ ಇರುವವರಿಗೆ ಬಿಡುಗಡೆಯ ದಿನ ತಿಳಿದಿರುವುದಿಲ್ಲ. ಆ ಸಂಕಟವನ್ನು ಬರೀ ಕೇಂದ್ರ ಎಂಬ ಪದದಲ್ಲಿ ಮುಚ್ಚಬಾರದು.

ಆರ್.ಎಚ್. ಕ್ಯಾಂಪಿನಲ್ಲಿ ಅಗುಳಿ ಒಳಗಿದೆ. ಆದರೂ ಪೌರತ್ವದ ಕಾಗದದ ಚಿಂತೆ ಅಲ್ಲಿನ ಹಲವರನ್ನು ದಶಕಗಳ ಕಾಲ ಕಾಡಿದೆ. ಪೌರತ್ವ ತಿದ್ದುಪಡಿ ಕಾಯ್ದೆಯಡಿ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿದ್ದು 2024ರಲ್ಲಿ. ಊರಿನ ಹೆಸರು ಕ್ಯಾಂಪೆಂದೇ ಇರಲಿ, ಅದರಲ್ಲಿ ಅವರ ಚರಿತ್ರೆಯಿದೆ. ಆದರೆ ಇಲ್ಲೇ ಹುಟ್ಟಿ, ಇಲ್ಲೇ ಉತ್ತು ಬಿತ್ತಿದವರನ್ನು 'ಕ್ಯಾಂಪಿನವರು' ಎಂದು ಕರೆಯುವಾಗ ದನಿಯಲ್ಲಿ ಹೊರಗಿನವರೆಂಬ ಭಾವ ಸುಳಿಯದಿರಲಿ. ಅವರು ಸಿಂಧನೂರಿನವರು.