ದೊಡ್ಡಾಸ್ಪತ್ರೆಯ ಗೇಟಿನಿಂದ ಗಲ್ಲಿಯ ಬಾಗಿಲಿಗೆ



ನೀವು ಚೆನ್ನೈಯಲ್ಲಿದ್ದರೆ ‘ಕೀಳ್ಪಾಕ್’ ಅನ್ನುವ ಹೆಸರನ್ನು ಬೈಗುಳದ ಹಾಗೆ ಬಳಸುವುದನ್ನು ಕೇಳಿರುತ್ತೀರಿ. ಮುಂಬೈಯವರಿಗೆ ಠಾಣೆ, ಪುಣೆಯವರಿಗೆ ಯರವಾಡ, ಹೈದರಾಬಾದಿನವರಿಗೆ ಎರ್ರಗಡ್ಡ, ದೆಹಲಿಯ ಹಿಂದಿಯವರಿಗೆ ಆಗ್ರಾ. ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್. ‘ಅವನನ್ನು ಅಲ್ಲಿಗೆ ಸೇರಿಸಬೇಕು’ ಅಂದರೆ ಸಾಕು, ಸುತ್ತ ಇದ್ದವರೆಲ್ಲ ನಗುತ್ತಾರೆ. ಮನೆಯಲ್ಲೇ ಯಾರಿಗಾದರೂ ಕಾಯಿಲೆ ಬಂದಾಗ ಮಾತ್ರ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಆ ಗೇಟು ದಾಟುವುದಕ್ಕೆ ರೋಗಿಗೂ ನಾಚಿಕೆ, ಮನೆಯವರಿಗೂ ನಾಚಿಕೆ.

ಆ ಗೇಟಿನೊಳಗಿದ್ದ ಚಿಕಿತ್ಸೆ ಜನ ಬದುಕುವ ಜಾಗಕ್ಕೆ ಹೇಗೆ ನಡೆದು ಬಂತು, ನಿಮ್ಮ ನಗರದ ಬಡ ಬಸ್ತಿಗಳನ್ನು ತಲುಪುವುದಕ್ಕೆ ಯಾಕಿಷ್ಟು ತಡವಾಯಿತು ಅನ್ನುವುದೇ ಈ ಸಲದ ಇತಿಹಾಸ. ಇದರಲ್ಲಿ ಕನ್ನಡ ನಾಡಿನದು ದೊಡ್ಡ ಪಾಲು.

ಗೋಡೆಯೊಳಗಿನ ಕಾಲ

ಮದರಾಸಿನ ಆಸ್ಪತ್ರೆಯ ಮೂಲ 1794ರದು. ಠಾಣೆಯದು 1901ರದು. ಬೆಂಗಳೂರಿನ ‘ಹುಚ್ಚಾಸ್ಪತ್ರೆ’ಗೆ ಮೈಸೂರು ಸಂಸ್ಥಾನ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. ಹೆಸರು ಬದಲಾದರೂ ಇಂಥ ಕಡೆಗಳಲ್ಲಿ ರೋಗಿಯನ್ನು ಊರಿನಿಂದ ದೂರ ಇಡುವುದೇ ಮುಖ್ಯ ಕೆಲಸವಾಗಿತ್ತು. 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ಸುಮಾರು 40 ಕೋಟಿ ಜನರಿದ್ದ ದೇಶದಲ್ಲಿ ಮಾನಸಿಕ ರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. ಮುಂಬೈಯ ಜೆ.ಜೆ. ಆಸ್ಪತ್ರೆಯಂಥ ಕೆಲವೆಡೆ ಮಾತ್ರ ಸಾಮಾನ್ಯ ಆಸ್ಪತ್ರೆಯೊಳಗೇ ಮನೋರೋಗ ವಿಭಾಗ ಶುರುವಾಗಿತ್ತು. ಅಲ್ಲಿ ಅದು ಬಂದದ್ದು 1938ರಲ್ಲಿ.

ಮೊದಲ ಬಿರುಕು ಬಿಟ್ಟದ್ದು ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಎಂದರೇನು, ಹೇಗೆ ನೋಡಿಕೊಳ್ಳಬೇಕು ಅಂತ ಮನೆಯವರಿಗೇ ಕಲಿಸಿದರು. ರೋಗಿಗಳು ಬೇಗ ಮನೆಗೆ ಮರಳತೊಡಗಿದರು. ಮನೆಯವರ ಕೈಯಲ್ಲೂ ಚಿಕಿತ್ಸೆಯ ಒಂದು ಭಾಗ ಇದೆ ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು.

ಕೋಟ, ಸಕಲವಾರ, ಬಳ್ಳಾರಿ

ಮುಂದಿನ ಹೆಜ್ಜೆ ನಮ್ಮ ಕರಾವಳಿಯದು. ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮನೆಮನೆಗೆ ಹೋಗಿ ಬ್ರಾಹ್ಮಣರು, ಬಂಟರು, ಮೊಗವೀರರು ಹೇಳಿಕೊಂಡ ಸಂಕಟಗಳನ್ನು ದಾಖಲಿಸಿದರು. ಆ ಪುಸ್ತಕ 1976ರಲ್ಲಿ ಬಂತು. ಆಸ್ಪತ್ರೆಯ ಮುಖವನ್ನೇ ನೋಡದ ಎಷ್ಟೋ ಜನ ಮನಸ್ಸಿನ ಕಷ್ಟದಲ್ಲಿದ್ದಾರೆ, ವೈದ್ಯರ ಬಳಿಗೂ ಮಂತ್ರವಾದಿಯ ಬಳಿಗೂ ದೈವದ ಪಾತ್ರಿಯ ಬಳಿಗೂ ಹೋಗುತ್ತಾರೆ ಅನ್ನುವುದು ಅದರಿಂದ ತಿಳಿಯಿತು.

1974ರ ಕೊನೆಯಲ್ಲಿ ಬೆಂಗಳೂರಿನ ಹಳೆಯ ಆಸ್ಪತ್ರೆಯೂ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಹುಟ್ಟಿತು. ಕಪೂರ್ ಕೂಡ ಅಲ್ಲಿಗೆ ಬಂದರು. ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರ ಆ ಘಟಕದ ಪ್ರಯೋಗಶಾಲೆಯಾಯಿತು. ಅದೇ ಹೊತ್ತಿಗೆ ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇಂಥದೇ ಕೆಲಸ ಹಿಡಿದಿದ್ದರು. ಎರಡೂ ಕಡೆಯ ಪ್ರಶ್ನೆ ಒಂದೇ: ಮನೋವೈದ್ಯರು ಬೆರಳೆಣಿಕೆಯಷ್ಟು ಇರುವ ದೇಶದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಗೆ ಬರುವ ನರ್ಸಮ್ಮನಿಗೆ ಈ ಕೆಲಸ ಕಲಿಸಬಹುದೇ?

ಕಲಿಸಬಹುದು ಅಂತ ಉತ್ತರ ಸಿಕ್ಕಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೆ ಹತ್ತು ಹಳ್ಳಿಯಲ್ಲಿ ನಡೆದದ್ದು ಒಂದಿಡೀ ಜಿಲ್ಲೆಯಲ್ಲಿ ನಡೆಯುತ್ತದೆಯೇ? ಅದನ್ನು ನೋಡಲು 1985ರಲ್ಲಿ ಆಯ್ಕೆಯಾದದ್ದು ಬಳ್ಳಾರಿ. ಅಲ್ಲಿನ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಕೆಲವೇ ಅಗತ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಸಿಗುವಂತೆ ಮಾಡಿದರು, ಜಿಲ್ಲಾ ಮಟ್ಟದಲ್ಲಿ ಒಂದು ತಂಡ ಇಟ್ಟು ಕೆಲಸವನ್ನು ಪರಿಶೀಲಿಸಿದರು. ಮೂರ್ಛೆರೋಗದವರೂ ತೀವ್ರ ಮನೋರೋಗದವರೂ ಬೆಂಗಳೂರಿನ ಬಸ್ಸು ಹತ್ತದೆ ಮನೆಯ ಹತ್ತಿರವೇ ಮಾತ್ರೆ ಪಡೆದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಈ ಬಳ್ಳಾರಿ ಮಾದರಿಯ ಮೇಲೆ. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಶುರುವಾದ ಅದು ನೂರಾರು ಜಿಲ್ಲೆಗಳಿಗೆ ಹಬ್ಬಿತು.

ನಗರದ ಬಡವರು ಬಿಟ್ಟುಹೋದದ್ದು

ಇಲ್ಲಿಯವರೆಗಿನ ಕಥೆಯಲ್ಲಿ ಹಳ್ಳಿ ಇದೆ, ಜಿಲ್ಲೆ ಇದೆ. ನೀವಿರುವ ಮಹಾನಗರ ಎಲ್ಲಿ? ಅಲ್ಲಿ ದೊಡ್ಡಾಸ್ಪತ್ರೆ ಇದೆಯಲ್ಲ, ಇನ್ನೇನು ಬೇಕು ಅನ್ನುವ ಭಾವನೆ ಬಹಳ ಕಾಲ ಉಳಿಯಿತು. ಬಳ್ಳಾರಿಯ ಏಣಿಗೆ ಬೇಕಾದ ಮೆಟ್ಟಿಲುಗಳೂ ನಗರದಲ್ಲಿ ಸರಿಯಾಗಿ ಇರಲಿಲ್ಲ. ಹಳ್ಳಿಯಲ್ಲಿ ಉಪಕೇಂದ್ರ, ಪ್ರಾಥಮಿಕ ಕೇಂದ್ರ ಅಂತ ಒಂದು ಸಾಲು ಇತ್ತು. ಕೊಳೆಗೇರಿಯಲ್ಲಿ ಅಂಥ ಕ್ರಮ ಇರಲಿಲ್ಲ. ಸುಮಾರು 50,000 ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಗುರಿಯಿಟ್ಟ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಬಂದದ್ದೇ 2013ರಲ್ಲಿ.

ನಗರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಮನೆಗೆಲಸದ ಹೆಂಗಸು ಎರಡು ಬಸ್ಸು ಬದಲಿಸಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಡಾಕ್ಟರನ್ನು ಕಾಣುವ ಹೊತ್ತಿಗೆ ಆ ದಿನದ ಕೂಲಿ ಹೋಗಿರುತ್ತದೆ. ತಿಂಗಳಿಗೊಮ್ಮೆ ಹೀಗೆ ಹೋಗಬೇಕೆಂದರೆ ಮೂರನೇ ತಿಂಗಳಿಗೆ ಮಾತ್ರೆ ನಿಲ್ಲುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಹಳ್ಳಿಗಳಲ್ಲಿ ಶೇ. 6.9, ಮಹಾನಗರಗಳಲ್ಲಿ ಶೇ. 13.5 ಎಂದು ಕಂಡಿತು. ಹೆಚ್ಚಿನ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ಕೊರತೆಯನ್ನು ಮೊದಲು ಕಂಡವರು ನಗರಗಳಲ್ಲೇ ಕೆಲಸ ಮಾಡುತ್ತಿದ್ದವರು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ 1961ರಿಂದ ಕೀಳ್ಪಾಕ್ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. ಗೋಡೆಯ ಒಳಗಿನ ಬದುಕು ಗೊತ್ತಿದ್ದ ಅವರು ನಿವೃತ್ತಿಯ ನಂತರ, 1984ರಲ್ಲಿ, ಸ್ಕಿಜೋಫ್ರೇನಿಯಾ ಇರುವವರಿಗಾಗಿ ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಅದೇ ನಗರದಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು, ಬೀದಿಪಾಲಾದ ಮಾನಸಿಕ ಅಸ್ವಸ್ಥ ಮಹಿಳೆಯರಿಗಾಗಿ ಬ್ಯಾನಿಯನ್ ಶುರು ಮಾಡಿದರು. ದೆಹಲಿಯ ಜಾಮಾ ಮಸೀದಿಯ ಬಳಿ ಇಹಬಾಸ್ ಸಂಸ್ಥೆಯ ವೈದ್ಯರು ನಿರಾಶ್ರಿತರಿಗಾಗಿ ಬೀದಿಯಲ್ಲೇ ಕ್ಲಿನಿಕ್ ನಡೆಸಿದರು. ಪುಣೆಯಲ್ಲಿ ಭಾರ್ಗವಿ ದಾವರ್ ಸ್ಥಾಪಿಸಿದ ಬಾಪು ಟ್ರಸ್ಟ್ ‘ಸೆಹರ್’ ಹೆಸರಿನಲ್ಲಿ ಬಸ್ತಿಗಳೊಳಗೇ ಕಾರ್ಯಕರ್ತೆಯರನ್ನು ಇಳಿಸಿತು. ಅವರು ಮನೆಮನೆಗೆ ಹೋದರು, ಗಲ್ಲಿಯ ಮೂಲೆಯಲ್ಲಿ ಸಭೆ ಮಾಡಿದರು, ಕಾಯಿಲೆಯ ಹೆಸರು ಹಿಡಿಯುವ ಮೊದಲು ಊಟ, ನಿದ್ದೆ, ಮನೆಯ ಜಗಳವನ್ನು ವಿಚಾರಿಸಿದರು.

ಡಾಕ್ಟರಲ್ಲದವರು ಮಾತಾಡಿಸಿದರೆ ಪ್ರಯೋಜನವೇನು ಅಂತ ನಿಮಗೆ ಅನ್ನಿಸಬಹುದು. ಗೋವಾದಲ್ಲಿ ಸಂಗಾತ್ ಸಂಸ್ಥೆ ಇದನ್ನೇ ಪರೀಕ್ಷೆಗೆ ಒಡ್ಡಿತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಇದ್ದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ, ಆತಂಕದ ರೋಗಿಗಳು ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡಿದ್ದರು.

ಬೆಂಕಿಯ ನಂತರ

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. ಹತ್ತಿರದಲ್ಲಿ ಚಿಕಿತ್ಸೆ ಸಿಗದೆ ದರ್ಗಾದ ಬಳಿ ಬಿಟ್ಟುಹೋದ ಮನೆಯವರನ್ನು ಬೈಯುವುದು ಸುಲಭ. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಸರ್ಕಾರಗಳನ್ನು ಪ್ರಶ್ನಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮರುವರ್ಷ ಜಾರಿಗೆ ಬಂತು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿತು, ಸರ್ಕಾರದ ಸೇವೆಯಲ್ಲಿ ಕೈಗೆಟಕುವ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ದೂರವಾಣಿ ಸೇವೆ ಬಂತು. ಅದರ ಕೇಂದ್ರವೂ ನಿಮ್ಹಾನ್ಸೇ.

ಇನ್ನು ನಿಮ್ಮ ಪಾಲಿನ ಮಾತು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ನಮ್ಮವರು ಮುಂಬೈ, ಪುಣೆ, ಹೈದರಾಬಾದಿನ ಬಸ್ತಿಗಳಲ್ಲಿದ್ದಾರೆ. ಜ್ವರ ಬಂದರೆ ಅವರು ಹೇಗೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಿಕೊಂಡಾರು. ‘ಎದೆ ಡವಡವ ಅಂತದ, ನಿದ್ದಿ ಬರವಲ್ದು, ಜೀವಾನೇ ಬ್ಯಾಸರ ಆಗೇದ’ ಅನ್ನುವುದನ್ನು ಯಾವ ಭಾಷೆಯಲ್ಲಿ ಹೇಳಬೇಕು? ಕೇಂದ್ರ ಗಲ್ಲಿಯಲ್ಲೇ ಇದ್ದರೂ ಅಲ್ಲಿ ಕೇಳುವವರಿಗೆ ಕನ್ನಡ ಬಾರದಿದ್ದರೆ ಅವರಿಗೆ ಅದು ದೂರವೇ. ನಿಮ್ಮ ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವ ಮಾಡುತ್ತದೆ. ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಗಂಟೆ ಜೊತೆಗೆ ಕೂತು ಭಾಷೆ ದಾಟಿಸುವ ಇಬ್ಬರನ್ನೂ ಅದು ಕೊಡಬಹುದಲ್ಲವೇ? ಅವರು ಕೇಳಿದ್ದನ್ನು ಹೊರಗೆ ಆಡದವರಾಗಿರಬೇಕು, ಅಷ್ಟೇ.

ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಸೇವೆ ಇರುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಈ ಪುಟ ಓದಲಾಗದ, ಆದರೆ ನಮ್ಮ ಕಾರ್ಯಕ್ರಮ ಕೇಳುವ ಯಾರಾದರೂ ನಿಮ್ಮ ಅಡುಗೆಮನೆಯಲ್ಲೋ, ಕಟ್ಟಡದ ಕಾವಲಿನಲ್ಲೋ ಇದ್ದರೆ, ಈ ಐದು ಅಂಕಿಗಳನ್ನು ದಯವಿಟ್ಟು ಅವರಿಗೆ ಹೇಳಿ.